ಹಕ್ಕಿಯ ಕೂಗಿಗೆ ಎರಡು ಉತ್ತರಗಳು

ಕಾವ್ಯವು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಭಾರತೀಯ ಪರಂಪರೆಯು ಬಹು ಹಿಂದೆಯೇ ಒಂದು ಉತ್ತರವನ್ನು ಹೇಳಿಟ್ಟಿದೆ. ತಮಸಾ ನದಿಗೆ ಸ್ನಾನಕ್ಕೆಂದು ಹೋದ ವಾಲ್ಮೀಕಿ ಮುನಿಯು ಜೊತೆಯಾಗಿ ವಿಹರಿಸುತ್ತಿದ್ದ ಎರಡು ಕ್ರೌಂಚ ಪಕ್ಷಿಗಳನ್ನು ಕಂಡನು. ಬೇಡನ ಬಾಣಕ್ಕೆ ಗಂಡುಹಕ್ಕಿಯು ನೆಲಕ್ಕುರುಳಿತು, ಹೆಣ್ಣುಹಕ್ಕಿಯು ಕೂಗಿಕೊಂಡಿತು. ಆ ಕೂಗು ಮುನಿಯ ಎದೆಯಲ್ಲಿ ಶೋಕವಾಗಿ, ಆ ಶೋಕವೇ ಶ್ಲೋಕವಾಯಿತು. ಈ ಕ್ರೌಂಚವು ಇಂದಿನ ಸಾರಸ ಪಕ್ಷಿಯೇ ಇರಬೇಕೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಜೀವನಪರ್ಯಂತ ಜೋಡಿಯಾಗಿರುವ, ಒಂದರ ಕೂಗಿಗೆ ಇನ್ನೊಂದು ತಪ್ಪದೆ ದನಿಗೂಡಿಸುವ ಹಕ್ಕಿ ಅದು. ಆದಿಕಾವ್ಯದ ಮೊದಲ ಶ್ಲೋಕಕ್ಕೆ ಕಾರಣವಾದದ್ದು ರಾಜನ ಆಜ್ಞೆಯಲ್ಲ, ಸಂಭಾವನೆಯ ಆಸೆಯಲ್ಲ, ಕಾಡುಹಕ್ಕಿಯೊಂದರ ದನಿ. ಅಷ್ಟೇ ಅಲ್ಲ, ಶ್ಲೋಕವು ಬಾಯಿಂದ ಹೊರಬಿದ್ದ ಮೇಲೆ ‘ಇದೇನು ನಾನಾಡಿದ ಮಾತು’ ಎಂದು ಮುನಿಯು ಚಿಂತಿಸಿದನೆಂದು ಕಥೆ ಹೇಳುತ್ತದೆ. ಕರುಣೆಯಿಂದ ಹೊರಟ ಮಾತು ಬೇಡನಿಗೆ ಶಾಪವಾಗಿತ್ತು. ಸ್ಫೂರ್ತಿಯ ಬೆನ್ನಿಗೇ ಆತ್ಮವಿಮರ್ಶೆಯೂ ಬಂದಿತೆಂಬುದು ಈ ಕಥೆಯಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಭಾಗ.

ಕನ್ನಡದ ಜೈನ ಕಾವ್ಯದಲ್ಲಿ ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಕಥೆಯಿದೆ. ಹೊಯ್ಸಳರ ಆಸ್ಥಾನದ ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯು ಜೈನ ಮನೆತನಗಳಿಗೆ ಹೊಸದಲ್ಲ. ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿಯೂ ನವಿಲು ನಾಯಿ ಮೊದಲಾದ ಜನ್ಮಗಳನ್ನು ಸುತ್ತಿ, ಕಡೆಗೆ ಎರಡು ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯ ಬಾಯಿಂದ ಧರ್ಮವನ್ನು ಕೇಳಿದ ಆ ಕೋಳಿಗಳು ಸಂತೋಷದಿಂದ ಕೂಗುತ್ತವೆ. ಆ ದನಿ ರಾಜನ ಕಿವಿಗೆ ಬೀಳುತ್ತದೆ. ದನಿಯನ್ನು ಕೇಳಿಯೇ ಗುರಿಯಿಡುವ ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸಬೇಕೆಂದು ಅವನು ಬಾಣ ಬಿಡುತ್ತಾನೆ, ಎರಡೂ ಸಾಯುತ್ತವೆ. ಬಾಣ ಬಿಟ್ಟವನು ಹಿಂದಿನ ಜನ್ಮದಲ್ಲಿ ಆ ಯಶೋಧರನ ಮಗನೇ ಆಗಿದ್ದವನು.

ಎರಡು ಕಥೆಗಳಲ್ಲಿಯೂ ಹಕ್ಕಿಯೊಂದು ಕೂಗಿತು, ಮನುಷ್ಯನೊಬ್ಬ ಕೇಳಿದ. ಇಬ್ಬರಿಗೂ ಕಿವಿ ಸೂಕ್ಷ್ಮವಾಗಿಯೇ ಇತ್ತು. ಶಬ್ದವೇಧಿಯ ಕಿವಿಯಂತೂ ಮುನಿಯ ಕಿವಿಗಿಂತ ಹೆಚ್ಚು ಪಳಗಿದ್ದೆನ್ನಬೇಕು. ಆದರೆ ಒಬ್ಬನಿಗೆ ಆ ದನಿಯಲ್ಲಿ ಇನ್ನೊಂದು ಜೀವದ ಇರವು ಕೇಳಿಸಿತು. ಮತ್ತೊಬ್ಬನಿಗೆ ತನ್ನ ಜಾಣ್ಮೆಯನ್ನು ಮೆರೆಯಲು ಒಂದು ಗುರಿ ಕೇಳಿಸಿತು. ಕಾಡುಹಕ್ಕಿಗಳ ದರ್ಶನದಿಂದ ಮನುಷ್ಯನ ಸೃಜನಶಕ್ತಿ ಚಿಗುರುತ್ತದೆ ಎಂಬ ಮಾತು ಇಂದು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸತ್ಯವೂ ಹೌದು. ಆದರೆ ಆ ದರ್ಶನದ ಬೆಲೆಯನ್ನು ಯಾರು ತೆರುತ್ತಾರೆ, ಹಕ್ಕಿಯೋ ಮನುಷ್ಯನೋ ಎಂಬುದನ್ನು ವಿಚಾರಿಸದೆ ಆ ಮಾತನ್ನು ಒಪ್ಪಿಕೊಳ್ಳುವುದು, ಖರ್ಚಿನ ಪುಟವನ್ನು ತೆರೆಯದೆ ಜಮಾ ಪುಟವನ್ನಷ್ಟೇ ಓದಿದಂತೆ.

ಈ ವಿಚಾರಕ್ಕೆ ಮೈಸೂರಿಗಿಂತ ಯೋಗ್ಯವಾದ ಊರು ದೊರೆಯುವುದು ಕಷ್ಟ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನೀರಿನ ಉಪಯೋಗಕ್ಕೆಂದು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯು ಕಾಲಾಂತರದಲ್ಲಿ ಹಕ್ಕಿಗಳ ನೆಲೆಯಾಯಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗಳು ನಗರದ ನಡುವೆಯೇ ಕಾಣಸಿಗುವುದು ಈ ಊರಿನ ಭಾಗ್ಯ. ಅದೇ ಕೆರೆಯ ಏರಿಯ ಮೇಲೆ ಕುವೆಂಪು ಅವರು ಅನೇಕ ವರ್ಷಗಳ ಕಾಲ ನಡೆದಾಡಿದರು. ಪ್ರೌಢಶಾಲೆಯ ವಿದ್ಯಾಭ್ಯಾಸಕ್ಕಾಗಿ ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಆ ತರುಣನು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಇಂಗ್ಲಿಷ್ ಕವನಗಳ ಒಂದು ಕಿರುಪುಸ್ತಕವೂ ಪ್ರಕಟವಾಗಿತ್ತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ಕವನಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಬೇಕೆಂದು ತಿಳಿಸಿ ಹೇಳಿದ ಪ್ರಸಂಗವು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಆ ಸಲಹೆಗೂ ಹಕ್ಕಿಗಳಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಕುವೆಂಪು ಅವರ ಬಾಲ್ಯದ ಕಿವಿ ತುಂಬಿದ್ದು ಕಾಜಾಣ, ಕಾಮಳ್ಳಿ, ಪಿಕಳಾರಗಳ ದನಿಯಿಂದ. ಇಂಗ್ಲಿಷ್ ಕಾವ್ಯದ ಪ್ರಸಿದ್ಧ ಹಕ್ಕಿಗಳು ಬೇರೆ ನಾಡಿನವು. ಪುಸ್ತಕದಿಂದ ಪುಸ್ತಕಕ್ಕೆ ಹಾರಿ ಬಂದವು. ಕಿವಿಯಾರೆ ಕೇಳಿದ ಹಕ್ಕಿಗೆ ಮನೆಯವರು ಕರೆಯುವ ಹೆಸರು ಕನ್ನಡದಲ್ಲಿತ್ತು. ಆ ಹೆಸರು ಬಾಯಿಗೆ ಬಂದೊಡನೆ ಕಾಡೂ ಬಂದಿತು, ಬೆಳಗೂ ಬಂದಿತು. ಕಂಡದ್ದನ್ನು ಕಂಡ ಹೆಸರಿನಿಂದಲೇ ಕರೆಯುವ ಪ್ರಾಮಾಣಿಕತೆಯು ಸೃಷ್ಟಿಕಾರ್ಯದ ಮೊದಲ ಮೆಟ್ಟಿಲು. ಮುಂದೆ 1946ರಲ್ಲಿ ಪ್ರಕಟವಾದ ತಮ್ಮ ಕವನಸಂಕಲನವೊಂದಕ್ಕೆ ಕುವೆಂಪು ಅವರು ‘ಪಕ್ಷಿಕಾಶಿ’ ಎಂದು ಹೆಸರಿಟ್ಟರು. ಯಾತ್ರಿಕನು ಕಾಶಿಗೆ ಹೋಗುವುದು ಏನನ್ನಾದರೂ ಕೊಂಡು ತರಲೆಂದಲ್ಲ. ತನ್ನಲ್ಲಿರುವ ಭಾರವನ್ನು ಇಳಿಸಿ ಬರಲೆಂದು. ಹಕ್ಕಿಗಳಿರುವ ತಾಣವನ್ನು ತೀರ್ಥವೆಂದು ಕರೆದ ಕವಿಯ ಮನೋಭಾವವು ಆ ಒಂದು ಹೆಸರಿನಲ್ಲಿಯೇ ವ್ಯಕ್ತವಾಗುತ್ತದೆ.

ಶಾಲೆಯ ಪುಸ್ತಕಗಳ ಮೂಲಕ ಮನೆಮನೆಗೂ ಪರಿಚಿತವಾದ ಅವರ ‘ದೇವರು ರುಜು ಮಾಡಿದನು’ ಎಂಬ ಕವನದಲ್ಲಿ ತುಂಗೆಯ ತೀರದ ಮಲೆನಾಡಿನ ವಿಸ್ತಾರವಾದ ನೋಟವಿದೆ. ಆ ಚಿತ್ರದ ಮೇಲೆ ಸಾಲುಗಟ್ಟಿ ಹಾರಿಹೋಗುವ ಹಕ್ಕಿಗಳನ್ನು ಕವಿಯು ಸೃಷ್ಟಿಕರ್ತನ ರುಜುವೆಂದು ಕಾಣುತ್ತಾನೆ. ಸೃಷ್ಟಿಕರ್ತನನ್ನು ಒಪ್ಪದ ಜೈನ ದರ್ಶನಕ್ಕೆ ಈ ಕಲ್ಪನೆಯು ಸಿದ್ಧಾಂತದ ದೃಷ್ಟಿಯಿಂದ ಹೊಂದದಿದ್ದರೂ, ಅದರ ಭಾವವನ್ನು ಅರ್ಥಮಾಡಿಕೊಳ್ಳಲು ವ್ಯಾಪಾರಿಗೆ ಕಷ್ಟವಿಲ್ಲ. ರುಜುವೆಂದರೆ ಮಾಲೀಕತ್ವದ ಗುರುತು. ನೋಡುತ್ತಿರುವವನು ಒಡೆಯನಲ್ಲ, ಬರಿಯ ಸಾಕ್ಷಿ ಎಂದು ಅದು ತಿಳಿಸುತ್ತದೆ. ಇನ್ನೊಬ್ಬರ ರುಜುವಿರುವ ಪತ್ರವನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಕವಿಯು ಆ ಹಕ್ಕಿಸಾಲಿನಿಂದ ಒಂದು ಗರಿಯನ್ನೂ ತೆಗೆದುಕೊಳ್ಳಲಿಲ್ಲ. ಹಕ್ಕಿಗಳಿಗೆ ಅವನು ಅಲ್ಲಿದ್ದುದೂ ತಿಳಿಯಲಿಲ್ಲ. ಆದರೂ ಕನ್ನಡಕ್ಕೆ ಒಂದು ಕವನ ಜಮೆಯಾಯಿತು. ಕೊಟ್ಟವರ ಲೆಕ್ಕದಲ್ಲಿ ಖರ್ಚೇ ಇಲ್ಲದೆ ಪಡೆದವರ ಲೆಕ್ಕದಲ್ಲಿ ಲಾಭವಾಗುವ ಇಂತಹ ವ್ಯವಹಾರವು ಲೋಕದಲ್ಲಿ ಬಹಳ ಅಪರೂಪ.

ಹಕ್ಕಿಯ ಮೇಲಿನ ಈ ಮಮತೆ ಕನ್ನಡ ಕವಿಗಳಲ್ಲಿ ಇಂದು ನಿನ್ನೆಯದಲ್ಲ. ಹತ್ತನೆಯ ಶತಮಾನದಲ್ಲಿ ಆದಿಕವಿ ಪಂಪನು ಬನವಾಸಿಯನ್ನು ವರ್ಣಿಸುವಾಗ, ಆ ನಾಡಿನ ನಂದನದಲ್ಲಿ ಮರಿದುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂಬ ಆಸೆಯನ್ನು ಹೇಳಿಸಿದ್ದಾನೆ. ಜನ್ಮಗಳ ಸರಪಳಿಯನ್ನು ಕಳಚಿಕೊಳ್ಳುವುದೇ ಪರಮಾರ್ಥವೆಂದು ‘ಆದಿಪುರಾಣ’ದಲ್ಲಿ ಹಾಡಿದ ಅದೇ ಕವಿಯ ಬಾಯಲ್ಲಿ ಇನ್ನೊಂದು ಜನ್ಮದ ಆಸೆ! ಒಂದು ಹಕ್ಕಿಯ ಇಂಪು ಅಷ್ಟು ಬಲವಾಗಿತ್ತು. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವನದಲ್ಲಿ ಕಾಲವೇ ಹಕ್ಕಿಯಾಯಿತು. ಆ ಕವನವಿರುವ 1932ರ ಸಂಕಲನದ ಹೆಸರು ‘ಗರಿ’. ಕನ್ನಡದಲ್ಲಿ ಗರಿ ಎಂಬ ಒಂದೇ ಮಾತು ಹಕ್ಕಿಯ ರೆಕ್ಕೆಯ ಗರಿಗೂ ಸಲ್ಲುತ್ತದೆ, ಹಳೆಯ ಕವಿಗಳು ಕಾವ್ಯವನ್ನು ಬರೆಯುತ್ತಿದ್ದ ಓಲೆಗರಿಗೂ ಸಲ್ಲುತ್ತದೆ. ಹಾರುವುದಕ್ಕೂ ಬರೆಯುವುದಕ್ಕೂ ಭಾಷೆಯೇ ಒಂದು ನಂಟನ್ನು ಕಲ್ಪಿಸಿಟ್ಟಿದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಸ್ಫೂರ್ತಿಗೆ ಕಾಡಿನ ಹಕ್ಕಿಯೇ ಏಕೆ ಬೇಕು? ಪಂಜರದ ಹಕ್ಕಿ ಸಾಲದೇ? ಮನೆಯಲ್ಲಿಯೇ ಗಿಳಿ ಸಾಕಿ ಅದರ ಮಾತನ್ನು ಕೇಳಿ ಆನಂದಿಸಬಾರದೇ? ಈ ಆಕ್ಷೇಪಣೆಗೆ ಯುರೋಪಿನ ಸಂಗೀತ ಚರಿತ್ರೆಯಿಂದ ಒಂದು ನಿದರ್ಶನವನ್ನೂ ಕೊಡಬಹುದು. ವಿಯೆನ್ನಾದ ಸಂಗೀತಗಾರ ಮೊಜಾರ್ಟ್ ತನ್ನ ಖರ್ಚಿನ ಪುಸ್ತಕದಲ್ಲಿ, 1784ರ ಮೇ 27ರಂದು, ಗೊರವಂಕದ ಬಳಗಕ್ಕೆ ಸೇರಿದ ಹಕ್ಕಿಯೊಂದನ್ನು 34 ಕ್ರೂಟ್ಸರ್ ಕೊಟ್ಟು ಕೊಂಡದ್ದನ್ನು ಬರೆದಿಟ್ಟಿದ್ದಾನೆ. ಅದರ ಪಕ್ಕದಲ್ಲಿ ಆ ಹಕ್ಕಿ ಹಾಡಿದ ರಾಗವನ್ನೂ ಗುರುತುಮಾಡಿ, ಚೆನ್ನಾಗಿತ್ತೆಂದು ಮೆಚ್ಚಿಕೊಂಡಿದ್ದಾನೆ. ಮೂರು ವರ್ಷಗಳ ಮೇಲೆ ಅದು ಸತ್ತಾಗ ಅದಕ್ಕೆ ಅಂತ್ಯಸಂಸ್ಕಾರವನ್ನೂ ಮಾಡಿದನು. ಅವನ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಆ ಲೆಕ್ಕದ ಪುಟವನ್ನು ನಿಧಾನವಾಗಿ ಓದಬೇಕು. ಹಕ್ಕಿಯು ಹಾಡಿದ ರಾಗವು, ಅದನ್ನು ಕೊಳ್ಳುವ ಮೊದಲೇ, ಅದೇ ವರ್ಷದ ಏಪ್ರಿಲಿನಲ್ಲಿ ಮೊಜಾರ್ಟನೇ ರಚಿಸಿ ಮುಗಿಸಿದ್ದ ಕೃತಿಯ ರಾಗ. ಒಂದೆರಡು ಸ್ವರಗಳಷ್ಟೇ ವ್ಯತ್ಯಾಸ. ಎಂದರೆ ಪಂಜರದ ಹಕ್ಕಿಯು ಅವನಿಗೆ ಅವನದೇ ದನಿಯನ್ನು ಹಿಂದಿರುಗಿಸಿತು. ಮನೆಯ ಪಂಜರದಲ್ಲಿ ‘ರಾಮ ರಾಮ’ ಎನ್ನುವ ಗಿಳಿಯೂ ಇದನ್ನೇ ಮಾಡುತ್ತದೆ. ಅದು ಹೇಳುವುದು ಯಜಮಾನನು ಹೇಳಿಕೊಟ್ಟದ್ದನ್ನು. ಸೆರೆಯಲ್ಲಿರುವ ಹಕ್ಕಿ ಮನುಷ್ಯನಿಗೆ ಕನ್ನಡಿಯಾಗಬಲ್ಲದು. ಆದರೆ ಮನುಷ್ಯನಲ್ಲಿ ಇಲ್ಲದ್ದನ್ನು ಅವನಿಗೆ ಕೊಡಬಲ್ಲದ್ದು ಸ್ವತಂತ್ರವಾದ ಹಕ್ಕಿ ಮಾತ್ರ. ಇಪ್ಪತ್ತನೆಯ ಶತಮಾನದ ಫ್ರೆಂಚ್ ಸಂಗೀತಗಾರ ಮೆಸಿಯನ್ ಹೊಲ ಕಾಡುಗಳಲ್ಲಿ ನಸುಕಿನಲ್ಲಿಯೇ ಹೋಗಿ ಕುಳಿತು, ಹಕ್ಕಿಗಳ ದನಿಯನ್ನು ಸ್ವರಲಿಪಿಯಲ್ಲಿ ಬರೆದುಕೊಂಡು ಬಂದು ಕೃತಿಗಳನ್ನು ರಚಿಸಿದನು. ಅವನ ಸಂಗೀತದಲ್ಲಿ ಅದುವರೆಗೆ ಯಾರೂ ಕೇಳದ ಲಯಗಳು ಬಂದದ್ದಕ್ಕೆ ಅದೂ ಒಂದು ಕಾರಣ.

ಸ್ಫೂರ್ತಿಯು ಎಲ್ಲರಲ್ಲಿಯೂ ನಿರ್ಮಲವಾಗಿಯೇ ಆರಂಭವಾಗುವುದಿಲ್ಲ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಅವರು ಬಾಲ್ಯದಲ್ಲಿ ಆಟದ ಬಂದೂಕಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದು ಬೀಳಿಸಿದರು. ಅದರ ಕತ್ತಿನ ಮೇಲೆ ಹಳದಿಯ ಗುರುತೊಂದು ಕಂಡಿತು. ಇದು ಯಾವ ಹಕ್ಕಿ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಆ ಹುಡುಗನು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಬಾಗಿಲಿಗೆ ಹೋದನು. ಅಲ್ಲಿಂದ ಅವರ ಜೀವನದ ದಾರಿ ತೆರೆಯಿತು. 1985ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಹೆಸರಿನಲ್ಲಿಯೂ ಆ ಗುಬ್ಬಚ್ಚಿಯ ಪತನವೇ ಇದೆ. ಶಾಸ್ತ್ರದ ಅಧ್ಯಯನಕ್ಕೆಂದು ಅವರು ಮುಂದೆಯೂ ಹಕ್ಕಿಗಳನ್ನು ಕೊಂದು ಮಾದರಿಗಳನ್ನು ಸಂಗ್ರಹಿಸಿದರು. ಆ ಕಾಲದ ಪಕ್ಷಿಶಾಸ್ತ್ರದ ಪದ್ಧತಿ ಅದಾಗಿತ್ತು. ಅಹಿಂಸಾವ್ರತಿಗೆ ಅದು ಒಪ್ಪಿಗೆಯಾಗುವ ಮಾತಲ್ಲ. ಆದರೆ ಜಮಾ ಖರ್ಚು ಎರಡನ್ನೂ ಬರೆಯುವುದು ನ್ಯಾಯ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಿದ್ದ ಅದೇ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾಯಿತು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಅಣೆಯಿಂದ ಮೂಡಿದ ನಡುಗಡ್ಡೆಗಳು ಅವು. ಮನುಷ್ಯನು ತನ್ನ ಬೆಳೆಗಾಗಿ ಮಾಡಿದ ಕಟ್ಟೆಯು ಹಕ್ಕಿಗಳ ತೊಟ್ಟಿಲಾಯಿತು. 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಕರ್ನಾಟಕಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು.

ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದರು. ತಂದೆಗೆ ಹಕ್ಕಿಯು ದರ್ಶನವಾಗಿದ್ದರೆ ಮಗನಿಗೆ ಕುತೂಹಲವಾಗಿತ್ತು: ಅದು ಎಲ್ಲಿ ಗೂಡು ಕಟ್ಟುತ್ತದೆ, ಏನು ತಿನ್ನುತ್ತದೆ, ಏಕೆ ಹೀಗೆ ಕೂಗುತ್ತದೆ? ‘ಕನ್ನಡ ನಾಡಿನ ಹಕ್ಕಿಗಳು’ ಎಂಬ ಅವರ ಪುಸ್ತಕವು ಇಂಗ್ಲಿಷ್ ತಿಳಿಯದ ಮಕ್ಕಳಿಗೂ ಹಕ್ಕಿಯನ್ನು ಹೆಸರು ಹಿಡಿದು ಗುರುತಿಸುವ ದಾರಿಯನ್ನು ತೋರಿತು. ಬೆರಗೂ ತಿಳಿವಳಿಕೆಯೂ ಒಂದೇ ಮನೆಯಲ್ಲಿ ಎರಡು ತಲೆಮಾರುಗಳಾಗಿ ಬಾಳಿದ್ದನ್ನು ಇಲ್ಲಿ ಕಾಣಬಹುದು.

ವಿದ್ವಾಂಸರೂ ಕವಿಗಳೂ ಅಲ್ಲದ ಸಾಮಾನ್ಯ ಜನರೂ ಹಕ್ಕಿಯಿಂದ ಒಂದು ಸುಂದರವಾದ ಕಲ್ಪನೆಯನ್ನು ಪಡೆದ ಊರೊಂದು ಮದ್ದೂರು ತಾಲ್ಲೂಕಿನಲ್ಲಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಪ್ರತಿವರ್ಷವೂ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಿನ ಹುಣಿಸೆಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರ ಭಾವನೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಮರದ ಕೆಳಗಿನ ವಾಸನೆಯನ್ನೂ ಗದ್ದಲವನ್ನೂ ಊರು ಸಹಿಸಿಕೊಳ್ಳುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬೆಳೆಸಿ ಬಿಡುವ ಕೆಲಸವನ್ನು ಊರಿನ ಯುವಕರ ಹೆಜ್ಜಾರ್ಲೆ ಬಳಗವು ಮೈಸೂರಿನ ನಿಸರ್ಗಪ್ರಿಯರ ನೆರವಿನಿಂದ ನಡೆಸಿಕೊಂಡು ಬಂದಿದೆ. ತವರುಮನೆ ಎಂಬ ಆ ಒಂದು ಮಾತೂ ಒಂದು ಸೃಷ್ಟಿಯೇ. ಅದನ್ನು ಯಾವ ಕವಿಯೂ ಬರೆದುಕೊಡಲಿಲ್ಲ. ಆ ಮಾತು ಇರುವುದರಿಂದಲೇ ಅಲ್ಲಿಯ ಹಕ್ಕಿಗೆ ಕಲ್ಲೆಸೆಯಲು ಮಕ್ಕಳ ಕೈ ಏಳುವುದಿಲ್ಲ.

ಇನ್ನು ಲಷ್ಕರ್ ಮೊಹಲ್ಲಾದ ವಿಚಾರ. ಲಷ್ಕರ್ ಎಂದರೆ ಸೈನ್ಯ. ಹೆಸರಿನಲ್ಲಿ ಸೈನ್ಯವಿದ್ದರೂ ಇಂದು ಅಲ್ಲಿ ಕೇಳುವುದು ವ್ಯಾಪಾರದ ಸದ್ದು. ಅಶೋಕ ರಸ್ತೆಯ ಚಿನ್ನ ಬೆಳ್ಳಿಯ ಅಂಗಡಿಗಳು, ಸರಕು ಇಳಿಸುವ ಗಾಡಿಗಳು, ಬೆಳಗಿನಿಂದ ರಾತ್ರಿಯವರೆಗೆ ಜನ. ಇಂತಹ ಬೀದಿಯಲ್ಲಿ ಕಾಡುಹಕ್ಕಿಯ ದರ್ಶನವೆಲ್ಲಿ ಎಂದು ಕೇಳುವವರು ಕತ್ತೆತ್ತಿ ನೋಡಿದವರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲನ್ನಿಟ್ಟ ಸಂತ ಫಿಲೋಮಿನಾ ಚರ್ಚಿನ 175 ಅಡಿ ಎತ್ತರದ ಜೋಡಿ ಗೋಪುರಗಳ ಮೇಲಿನ ಬಾನಿನಲ್ಲಿ ಹದ್ದುಗಳು ರೆಕ್ಕೆಯಾಡಿಸದೆ ಸುತ್ತುತ್ತವೆ. ಸಂಜೆಯ ಹೊತ್ತಿಗೆ ಗಿಳಿಗಳ ಗುಂಪು ಕೂಗುತ್ತ ಮರ ಸೇರಲು ಧಾವಿಸುತ್ತದೆ. ಬೆಳ್ಳಕ್ಕಿಗಳು ಕೆರೆಗಳ ಕಡೆಗೆ ಸಾಲಾಗಿ ಸಾಗುತ್ತವೆ. ಚೈತ್ರ ಬಂದರೆ ಕಾಂಕ್ರೀಟಿನ ನಡುವಿನ ಯಾವುದೋ ಒಂದು ಮರದಿಂದ ಕೋಗಿಲೆ ಕೇಳುತ್ತದೆ. ಇವು ಯಾವುವೂ ಯಾರೂ ಸಾಕಿದವಲ್ಲ, ಎಲ್ಲವೂ ಕಾಡುಹಕ್ಕಿಗಳೇ. ಇವುಗಳನ್ನು ಕಾಣಲು ಪ್ರಯಾಣದ ಖರ್ಚಿಲ್ಲ, ಪ್ರವೇಶದ ಶುಲ್ಕವಿಲ್ಲ. ಬೇಕಾದದ್ದು ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋಗುವ ಮುನ್ನ ಹತ್ತು ನಿಮಿಷ ಮಹಡಿಯ ಮೇಲೆ ಸುಮ್ಮನೆ ನಿಲ್ಲುವ ಮನಸ್ಸು. ದಿನವೆಲ್ಲ ಬೆಲೆ ಕಟ್ಟುವುದರಲ್ಲಿಯೇ ಕಳೆದ ಬುದ್ಧಿಗೆ, ಬೆಲೆ ಕಟ್ಟಲಾಗದ ವಸ್ತುವೊಂದನ್ನು ದಿನಕ್ಕೊಮ್ಮೆ ನೋಡುವುದು ವಿಶ್ರಾಂತಿಯೂ ಹೌದು, ಸಾಮಾಯಿಕಕ್ಕೆ ಮನಸ್ಸನ್ನು ಹದಮಾಡುವ ಸಾಧನವೂ ಹೌದು.

ಆದರೆ ಜೀವದಯೆಯ ಹೆಸರಿನಲ್ಲಿ ನಡೆಯುತ್ತಿರುವ ಕೆಲವು ಆಚರಣೆಗಳನ್ನು ಈ ಸಂದರ್ಭದಲ್ಲಿ ಪರೀಕ್ಷಿಸಿ ನೋಡುವುದು ಅಗತ್ಯ. ಪರ್ವದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಹಣಕೊಟ್ಟು ಕೊಂಡು ಬಿಡುಗಡೆ ಮಾಡುವ ಪದ್ಧತಿ ಅನೇಕ ಊರುಗಳಲ್ಲಿದೆ. ಬಾಗಿಲು ತೆರೆದೊಡನೆ ಮೇಲೇಳುವ ರೆಕ್ಕೆಗಳನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಿರಿಯರ ಕಣ್ಣು ತುಂಬುತ್ತದೆ. ಭಾವನೆ ಶುದ್ಧವಾದದ್ದೇ. ಆದರೆ ಆ ಹಕ್ಕಿ ಪಂಜರಕ್ಕೆ ಬಂದದ್ದು ಹೇಗೆ? ಬಲೆಗಾರನು ಪರ್ವದಿನವನ್ನು ತಿಳಿದೇ ಬಲೆ ಹಾಕುತ್ತಾನೆ. ಬೇಡಿಕೆಯಿದ್ದಲ್ಲಿ ಸರಬರಾಜು ಇದ್ದೇ ಇರುತ್ತದೆಂಬುದು ವ್ಯಾಪಾರಿಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಹಿಡಿಯುವಾಗ, ಸಾಗಿಸುವಾಗ ಸಾಯುವ ಹಕ್ಕಿಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಬದುಕಿ ಬಿಡುಗಡೆಯಾದದ್ದು ಕೂಡ ಸೊರಗಿ, ಪರಿಚಯವಿಲ್ಲದ ಜಾಗದಲ್ಲಿ ಮತ್ತೆ ಬಲೆಗೆ ಬೀಳುವುದುಂಟು. ಒಂದು ಹಕ್ಕಿಗೆ ಬಿಡುಗಡೆಯ ಬೆಲೆ ಕೊಟ್ಟ ಹಣವು ಮುಂದಿನ ಹಲವು ಹಕ್ಕಿಗಳ ಸೆರೆಗೆ ಮುಂಗಡವಾಗುತ್ತದೆ.

ಶಾಸ್ತ್ರದ ಒರೆಗಲ್ಲಿಗೆ ಹಚ್ಚಿದರೂ ಈ ಆಚರಣೆ ನಿಲ್ಲುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಹೇಳುವಾಗ ಅಹಿಂಸೆಯ ಅತಿಚಾರಗಳಲ್ಲಿ ಮೊದಲು ಬರುವುದು ಬಂಧ, ಅಂದರೆ ಪ್ರಾಣಿಯನ್ನು ಕಟ್ಟಿಹಾಕುವುದು. ಅಚೌರ್ಯ ವ್ರತದ ಅತಿಚಾರಗಳು ಐದು. ಅವುಗಳಲ್ಲಿ ಕಳ್ಳನಿಗೆ ಪ್ರೇರಣೆ ಕೊಡುವ ಸ್ತೇನಪ್ರಯೋಗವೂ, ಕದ್ದ ವಸ್ತುವನ್ನು ಕೊಳ್ಳುವ ತದಾಹೃತಾದಾನವೂ, ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮವೂ ಸೇರಿವೆ. ಹಕ್ಕಿಯ ಸ್ವಾತಂತ್ರ್ಯವು ಹಕ್ಕಿಯದೇ ಆಗಿದ್ದರೆ ಅದನ್ನು ಹಿಡಿದವನು ಕಳ್ಳ. ಕೊಂಡವನು ಕಳವಿನ ಮಾಲನ್ನು ಕೊಂಡವನು. ಮುಂದಿನ ವರ್ಷಕ್ಕೂ ಹಕ್ಕಿ ಬೇಕೆಂದು ಹೇಳಿಟ್ಟವನು ಕಳ್ಳನಿಗೆ ಪ್ರೇರಣೆ ಕೊಟ್ಟವನು. ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದದ್ದು 1972ರಲ್ಲಿ. 1991ರ ತಿದ್ದುಪಡಿಯ ಕಾಲದಿಂದ ಈ ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೆ ನಿಷೇಧವಿದೆ. ಆದುದರಿಂದ ಮೂರನೆಯ ಅತಿಚಾರವೂ ತಪ್ಪುವುದಿಲ್ಲ. ಪುಣ್ಯವೆಂದು ಮಾಡಿದ ಒಂದು ಕಾರ್ಯದಲ್ಲಿ ಮೂರು ಅತಿಚಾರಗಳು ಸೇರಿಕೊಂಡರೆ ಆ ಲೆಕ್ಕವನ್ನು ಯಾವ ಲೆಕ್ಕ ಪರಿಶೋಧಕನೂ ಒಪ್ಪಲಾರ.

ಇದಕ್ಕೆ ಬದಲಾಗಿ ಸಮಾಜದಲ್ಲಿಯೇ ಬೇರೊಂದು ಮಾದರಿಯಿದೆ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿರುವ ಜೈನ ಪಕ್ಷಿ ಆಸ್ಪತ್ರೆಯು 1929ರಲ್ಲಿ ಆರಂಭವಾಗಿ, 1957ರಿಂದ ಈಗಿನ ಕಟ್ಟಡದಲ್ಲಿ ನಡೆಯುತ್ತಿದೆ. ಗಾಯಗೊಂಡು ಬಂದ ಹಕ್ಕಿಗೆ ಚಿಕಿತ್ಸೆ ಮಾಡಿ, ಗುಣವಾದ ಮೇಲೆ ಬಾನಿಗೆ ಬಿಡುವುದು ಅಲ್ಲಿಯ ಪದ್ಧತಿ. ಅದೂ ಬಿಡುಗಡೆಯೇ, ಆದರೆ ಅದರ ಹಿಂದೆ ಬಲೆಯಿಲ್ಲ.

ಪಾರಿವಾಳಗಳಿಗೆ ಕಾಳು ಹಾಕುವ ವಿಷಯವು ಇನ್ನೂ ಸೂಕ್ಷ್ಮವಾದದ್ದು. 2025ರ ಆಗಸ್ಟಿನಲ್ಲಿ ಮುಂಬಯಿಯ ದಾದರಿನ ಕಬೂತರಖಾನೆಯನ್ನು ಪಾಲಿಕೆಯವರು ಮುಚ್ಚಿದಾಗ ದೊಡ್ಡ ವಿವಾದವೇ ಎದ್ದಿತು. ಹಸಿದ ಜೀವಕ್ಕೆ ಅನ್ನವಿಡುವುದು ಧರ್ಮವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಜಾಗದಲ್ಲಿ ಮೂಟೆಗಟ್ಟಲೆ ಕಾಳು ಚೆಲ್ಲಿದಾಗ ಒಂದೇ ಜಾತಿಯ ಹಕ್ಕಿ ಮಿತಿಮೀರಿ ಹೆಚ್ಚುತ್ತದೆ. ಒಣಗಿದ ಹಿಕ್ಕೆಯ ಧೂಳು ನೆರೆಹೊರೆಯವರ ಶ್ವಾಸಕೋಶಕ್ಕೆ ಕೇಡು ಮಾಡುತ್ತದೆಂಬುದು ವೈದ್ಯರಿಗೆ ತಿಳಿದ ವಿಷಯ. ಆ ನೆರೆಯವರೂ ಪಂಚೇಂದ್ರಿಯ ಜೀವಿಗಳೇ ಅಲ್ಲವೇ? ದಾನಕ್ಕೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನೂ ನೋಡಬೇಕೆಂದು ಶಾಸ್ತ್ರವು ಹೇಳಿರುವಾಗ, ಕಾಳಿನ ವಿಷಯದಲ್ಲಿ ಮಾತ್ರ ವಿಧಿಯ ವಿಚಾರವೇ ಬೇಡವೆನ್ನುವುದು ಸರಿಯಲ್ಲ. ಕಾಳು ಚೆಲ್ಲಿ ಕೈಝಾಡಿಸಿ ಹೊರಟುಹೋಗುವವನು ಹಕ್ಕಿಯ ಹೊಟ್ಟೆಯನ್ನು ನೋಡಿದನೇ ಹೊರತು ಹಕ್ಕಿಯನ್ನು ನೋಡಲಿಲ್ಲ.

ಹೊಸ ತಲೆಮಾರಿನವರಲ್ಲಿ ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸವು ಬೆಳೆದಿರುವುದು ಸಂತೋಷದ ಸಂಗತಿ. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದದ್ದು ಅಹಿಂಸೆಯ ಗೆಲುವೇ. ಆದರೂ ಶಬ್ದವೇಧಿ ರಾಜನ ಕಥೆಯನ್ನು ಇಲ್ಲಿ ಮರೆಯಬಾರದು. ಒಳ್ಳೆಯ ಚಿತ್ರ ಬೇಕೆಂದು ಕೆಲವರು ಗೂಡಿನ ಸುತ್ತಲಿನ ಎಲೆಗಳನ್ನು ಕೀಳುತ್ತಾರೆ. ಮರೆ ಹೋದ ಗೂಡು ಕಾಗೆಯ ಕಣ್ಣಿಗೂ ಬಿಸಿಲಿಗೂ ತುತ್ತಾಗುತ್ತದೆ. ಮತ್ತೆ ಕೆಲವರು ಮೊಬೈಲಿನಲ್ಲಿ ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುತ್ತಾರೆ. ತನ್ನ ಎಲ್ಲೆಯೊಳಗೆ ಬೇರೆ ಗಂಡುಹಕ್ಕಿ ನುಗ್ಗಿತೆಂದು ನಂಬಿ ಅದು ಗೂಡನ್ನೂ ಆಹಾರವನ್ನೂ ಬಿಟ್ಟು ಓಡಿಬರುತ್ತದೆ. ಇಲ್ಲದ ಶತ್ರುವನ್ನು ಹುಡುಕಿ ದಣಿಯುತ್ತದೆ. ಇದು ಹಿಂಸೆಯಷ್ಟೇ ಅಲ್ಲ, ಅಸತ್ಯವೂ ಹೌದು. ಹಕ್ಕಿಯ ಭಾಷೆಯಲ್ಲಿಯೇ ಹಕ್ಕಿಗೆ ಹೇಳಿದ ಸುಳ್ಳು ಅದು. ಅಂತಹ ಚಿತ್ರಕ್ಕೆ ಬಹುಮಾನ ಬಂದರೂ ಅದು ರಾಣಿಯ ಮುಂದೆ ಮೆರೆದ ಬಾಣದ ಜಾಣ್ಮೆಗಿಂತ ಹೆಚ್ಚಿನದಲ್ಲ.

ಹಾಗಾದರೆ ಹಕ್ಕಿಯಿಂದ ಏನನ್ನೂ ಪಡೆಯಲೇಬಾರದೇ? ಪಡೆಯುವ ರೀತಿಯೊಂದನ್ನು ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯು ತೋರಿಸುತ್ತದೆ. ನವಿಲು ತಾನಾಗಿಯೇ ಉದುರಿಸಿದ ಗರಿಗಳಿಂದ ಅದನ್ನು ಕಟ್ಟುತ್ತಾರೆ. ಕಿತ್ತ ಗರಿಗೆ ಅಲ್ಲಿ ಸ್ಥಾನವಿಲ್ಲ. ಹೀಗೆ ದೊರೆತ ಗರಿಯು ಕುಳಿತುಕೊಳ್ಳುವ ನೆಲದಿಂದ ಇರುವೆಯಂತಹ ಸಣ್ಣ ಜೀವಗಳನ್ನು ನೋಯಿಸದೆ ಸರಿಸುವ ಸಾಧನವಾಗುತ್ತದೆ. ಒಂದು ಜೀವದಿಂದ ನೋವಿಲ್ಲದೆ ದೊರೆತದ್ದು ಇನ್ನೊಂದು ಜೀವದ ರಕ್ಷಣೆಗೆ ಸಲ್ಲುತ್ತದೆ. ಕವಿ, ಚಿತ್ರಕಾರ, ಸಂಗೀತಗಾರರು ಹಕ್ಕಿಯಿಂದ ಪಡೆಯುವ ಸ್ಫೂರ್ತಿಗೂ ಇದೇ ನಿಯಮವಿರುವುದು ಒಳ್ಳೆಯದು. ಅದು ಉದುರಿದ ಗರಿಯಂತಿರಬೇಕು. ಪಡೆದ ಮೇಲೆ ಅದರಿಂದ ಇನ್ನೊಂದು ಜೀವಕ್ಕೆ ಒಳಿತಾಗಬೇಕು.

ಬಸದಿ ಮಂದಿರಗಳ ಆಡಳಿತ ಮಂಡಲಿಗಳು ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಹಕ್ಕಿಗಳ ಬಿಡುಗಡೆಗೆಂದು ಬರುವ ಕಾಣಿಕೆಯನ್ನು ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ ತಿರುಗಿಸಬಹುದು. ಆವರಣದಲ್ಲಿ ಜಾಗವಿದ್ದರೆ ಹಣ್ಣು ಬಿಡುವ ಅತ್ತಿ, ಬಸರಿಯಂತಹ ನಾಡಮರಗಳನ್ನು ನೆಡಬಹುದು. ಅವು ಕಾಳಿನ ಮೂಟೆಗಿಂತ ಹೆಚ್ಚು ಬಗೆಯ ಹಕ್ಕಿಗಳನ್ನು ಹೆಚ್ಚು ಕಾಲ ಸಾಕುತ್ತವೆ. ಬೇಸಿಗೆಯಲ್ಲಿ ಮಹಡಿಯ ಮೇಲೆ ಮಣ್ಣಿನ ತಟ್ಟೆಯಲ್ಲಿ ಸೋಸಿದ ನೀರಿಟ್ಟು, ಪ್ರತಿದಿನವೂ ತಟ್ಟೆಯನ್ನು ತೊಳೆದು ನೀರನ್ನು ಬದಲಾಯಿಸುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಂದೆರಡು ಬಾರಿ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಗೆ ಕರೆದೊಯ್ದು, ಮಾತಿಲ್ಲದೆ ಅರ್ಧ ಗಂಟೆ ಕುಳ್ಳಿರಿಸಿ, ಕಂಡದ್ದನ್ನು ಕೇಳಿದ್ದನ್ನು ಬರೆಯಲು ಹೇಳಬಹುದು. ಅವರಲ್ಲಿ ಎಲ್ಲರೂ ಕವಿಗಳಾಗುವುದಿಲ್ಲ. ಹೆಚ್ಚಿನವರು ತಂದೆಯಂತೆ ಅಂಗಡಿಯಲ್ಲಿ ಕೂರುವವರೇ. ಆದರೆ ಆ ಅರ್ಧ ಗಂಟೆಯಲ್ಲಿ, ತನ್ನದಲ್ಲದ ಚೆಲುವನ್ನು ತನ್ನದಾಗಿ ಮಾಡಿಕೊಳ್ಳದೆಯೇ ಸಂತೋಷಪಡುವುದು ಹೇಗೆಂಬುದನ್ನು ಒಂದು ಮಗು ಕಲಿತರೂ ಅದು ಅಪರಿಗ್ರಹದ ಮೊದಲ ಪಾಠವಾದೀತು. ಆ ಪಾಠವನ್ನು ವ್ಯಾಖ್ಯಾನದಿಂದ ಕಲಿಸುವುದು ಎಷ್ಟು ಕಷ್ಟವೆಂಬುದು ಪಾಠಶಾಲೆಯ ಅಧ್ಯಾಪಕರೆಲ್ಲರಿಗೂ ತಿಳಿದೇ ಇದೆ.